ಕರಿ ಫ್ಲೆಕ್ಸಿನ ಹಾರ

"ಇಷ್ಟ ದೊಡ್ಡ ಸಂಕಟ ಆಗಿದ್ರೂ ಸಂತಿಗಿ ಬಂದೀಯಲ್ಲ ಗೌರಕ್ಕ, ನಿನ್ನ ಎದಿ ಗಟ್ಟಿ ನೋಡು," ಎಂದಳು ತಿಪ್ಪವ್ವ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ.

ಬಬಲೇಶ್ವರದ ಸಂತೆಯಲ್ಲಿ ಗೌರಾಬಾಯಿ ಲಿಂಬೆಹಣ್ಣು ಗುಂಪಿ ಹಾಕುತ್ತಿದ್ದಳು. ಪಕ್ಕದಲ್ಲಿ ಬಳ್ಳೊಳ್ಳಿ ಹರವಿಕೊಂಡು ಕೂರುವ ತಿಪ್ಪವ್ವ ಹತ್ತು ವರ್ಷದ ಗೆಳತಿ. ಆಕೆ ಅತ್ತದ್ದನ್ನು ಗೌರಾಬಾಯಿ ಕಂಡದ್ದು ಇದೇ ಮೊದಲು.

"ಏನ್ ಸಂಕಟ ಬೇ?"

"ನನ್ನ ಮುಂದೂ ಮುಚ್ಚಿಡ್ತೀಯೇನ? ಸಂಗು ತೀರಿಕೊಂಡದ್ದು ಒಂದ ಮಾತ ಹೇಳಬಾರದಿತ್ತೇನ?"

"ನಿನ್ನ ಬಾಯಾಗ ಮಣ್ಣ ಹಾಕ. ಮುಂಜಾನಿ ಎರಡ ರೊಟ್ಟಿ ತಿಂದಾನ ನನ್ನ ಮಗ."

ತಿಪ್ಪವ್ವ ಗೌರಾಬಾಯಿಯ ಬೆನ್ನ ಹಿಂದೆ, ಹತ್ತು ಹೆಜ್ಜೆ ಆಚೆಗಿದ್ದ ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸಿದಳು. ಅಲ್ಲಿ ಎರಡು ಕಂಬಗಳ ನಡುವೆ ಕಪ್ಪನೆಯ ಫ್ಲೆಕ್ಸು. ನಡುವೆ ಸಂಗುವಿನ ಬಣ್ಣವಿಲ್ಲದ ಫೋಟೊ, ನಗದ ಮುಖ. ಫೋಟೊದ ಸುತ್ತ ಅಚ್ಚು ಹಾಕಿದ ಚೆಂಡುಹೂವಿನ ದಪ್ಪ ಹಾರ. ಎರಡೂ ಬದಿಗೆ ಉರಿಯುವ ದೀಪ.

ಗೌರಾಬಾಯಿ ಲಿಂಬೆಹಣ್ಣಿನ ಚೀಲದ ಮೇಲೆಯೇ ಕುಳಿತಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು: 'ಎಳೆಯರ ಮನಸ್ಸಿಗಾಗಿ ಹೆವಿ ಮೆಟಲ್ ಸಂಗೀತ. ಡ್ರಮ್ಸ್: ಘೋಣಸಗಿಯ ಸಂಗು. ರವಿವಾರ ಮಧ್ಯಾಹ್ನ ನಾಲ್ಕಕ್ಕೆ, ಗೋಳಗುಮ್ಮಟದ ಹತ್ತಿರ.'

ಓದಿದ ಮೇಲೆ ಜೀವ ಬಂತು. ಆದರೆ ಅದರ ಬೆನ್ನಿಗೇ ಬೇರೆ ಹೆದರಿಕೆ ಬಂತು.

ಎಂಟು ತಿಂಗಳ ಹಿಂದೆ ಸಂಗು ಕಾಲೇಜು ಬಿಟ್ಟು ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದ. ವಿಜಯಪುರದ ಡಾಕ್ಟರು ಇದು ಮನಸ್ಸಿನ ಬೇನೆ, ನಿಧಾನಕ್ಕೆ ವಾಸಿಯಾಗುತ್ತದೆ ಎಂದು ಗುಳಿಗೆ ಕೊಟ್ಟಿದ್ದರು. ಊರಿನವರು ಮೈಗಳ್ಳ ಎಂದರು, ಗಾಳಿ ಸೋಕಿದೆ ಎಂದರು. ಹೊಸ್ತಿಲು ದಾಟಿ ಬಂದು ಹೆಂಗದೀಯಪಾ ಎಂದವರಿಲ್ಲ. ಬಂದವಳು ಅವನ ಕಾಲೇಜಿನ ಮೇಘಾ ಒಬ್ಬಳೇ. ಕನ್ನಡಕದ ಸಣಕಲು ಹುಡುಗಿ. ಹಾಡಲು ಬಾಯಿ ತೆಗೆದರೆ ಈಯುವ ಎಮ್ಮೆಯ ದನಿ. ಆಕೆ ಎರಡು ಕೋಲು ತಂದು ಅವನ ಕೈಗಿಟ್ಟು, ಲಿಂಬೆಹಣ್ಣಿನ ಖಾಲಿ ಡಬ್ಬಿ ಬೋರಲು ಹಾಕಿ ಬಾರಿಸು ಎಂದಳು. ಆ ಗದ್ದಲ ಗೌರಾಬಾಯಿಗೆ ಇವತ್ತಿಗೂ ಸಂಗೀತ ಅನ್ನಿಸಿಲ್ಲ. ಆದರೂ ಡಬ್ಬಿ ಸದ್ದು ಮಾಡಿದ ದಿನ ಮಗ ತಾನೇ ರೊಟ್ಟಿ ಕೇಳಿ ತಿನ್ನುತ್ತಿದ್ದ. ರವಿವಾರದ ಟಿಕೆಟ್ಟಿನ ದುಡ್ಡಿನಲ್ಲಿ ತಿಂಗಳಿಗೆ ಎರಡು ಸಲ ಊರ ಹತ್ತಿರದ ತಿಕೋಟಾಕ್ಕೆ ಮನಸ್ಸಿನ ಡಾಕ್ಟರನ್ನು ಕರೆಸುವುದು ಮೇಘಾ, ಸಂಗು ಇದ್ದ ಹಾಡಿನ ತಂಡದ ಲೆಕ್ಕಾಚಾರ. ಗೌರಾಬಾಯಿಯ ಲೆಕ್ಕಾಚಾರ ಚಿಕ್ಕದು: ಮಗ ಅವತ್ತು ಮನೆಯಿಂದ ಹೊರಗೆ ಬರುತ್ತಾನೆ. ಈ ಹಾರ ಕಂಡು ಮತ್ತೆ ಗೋಡೆಗೆ ತಿರುಗಿದರೆ?

ಮೇಘಾಳಿಗೆ ಫೋನ್ ಮಾಡಿದಳು. ತಾಸಿನೊಳಗೆ ಮೇಘಾ ಬೈಕಿನ ಹಿಂದೆ ಕುಳಿತು ಬಂದಳು. ಬೈಕು ಹೊಡೆದುಕೊಂಡು ಬಂದವನು ಫ್ಲೆಕ್ಸ್ ಅಂಗಡಿಯ ತೌಸೀಫ. ಮುಖ ಎತ್ತಲಾರದೆ ನಿಂತಿದ್ದ.

"ಬಾಯಿ ಬಿಡಲೇ, ಕಾಕು ಮುಂದ ಹೇಳು," ಎಂದಳು ಮೇಘಾ, ಗೌರಾಬಾಯಿಯನ್ನು ತೋರಿಸಿ.

"ಯವ್ವಾರ, ನನ್ನದ ತಪ್ಪ್ರಿ. ಹುಟ್ಟುಹಬ್ಬದ ಫ್ಲೆಕ್ಸ್ ಅಂದ್ರ ಕಲರ್ ಇರ್ತೈತ್ರಿ, ಗಾಗಲ್ ಇರ್ತೈತಿ, ಕೆಳಗ ಇಪ್ಪತ್ತ ಮಂದಿ ಗೆಳ್ಯಾರ ಫೋಟೊ ಇರ್ತಾವ. ಇವರು ಕಳಿಸಿದ್ರಾಗ ಎಲ್ಲಾ ಕರಿ, ಒಬ್ಬನ ಫೋಟೊ, ಅದೂ ನಗೂದಿಲ್ಲ. ಬರದದ್ದ ಓದಾಕ ಹೋಗಲಿಲ್ರಿ. ಪಾಪ, ಹುಡುಗ ಹೋಗ್ಯಾನ, ಅವಸರದಾಗ ಹಾರ ಹಾಕೂದ ಮರತಾರ ಅಂತ ನಾನ ಹಾಕಿದೆ. ದೀಪಾನೂ ಪುಕ್ಕಟ ಹಚ್ಚೀನ್ರಿ."

"ಮೆಟಲ್ ಅಂದ್ರ ಕರೀನ ಇರ್ತೈತಿ ಅಂತ ಬಡಕೊಂಡಿದ್ದೆ ಇವಗ," ಎಂದಳು ಮೇಘಾ. "ಕಾಕು, ತಿಕೋಟಾದಾಗ ಎರಡು, ಇಲ್ಲೊಂದು. ಈಗಿಂದೀಗ ಬಿಚ್ಚತೀವಿ. ಸಂಗೂಗ ಗೊತ್ತ ಆಗೂದ ಬ್ಯಾಡ."

"ಬಿಚ್ಚು ಮದಲ. ಅಂವಗ ಹೇಳಿದ್ರ ನಿನ್ನ ಕಾಲ ಮುರೀತೀನಿ," ಎಂದಳು ಗೌರಾಬಾಯಿ.

ತೌಸೀಫ ಚಹಾದ ಅಂಗಡಿಯಿಂದ ಸ್ಟೂಲು ತಂದಿಟ್ಟ. ಅಷ್ಟರಲ್ಲಿ ತಿಕೋಟಾ ಕಡೆಯ ಜೀಪು ಬಂದು ನಿಂತಿತು. ಹಿಂದಿನಿಂದ ಸಂಗು ಇಳಿದ. ಮಾಸಿದ ಕಪ್ಪು ಟೀ ಶರ್ಟು, ಬಾಚದ ತಲೆ. ಎಂಟು ತಿಂಗಳಲ್ಲಿ ಅವನು ಒಬ್ಬನೇ ಎಲ್ಲಿಗೂ ಹೋಗಿರಲಿಲ್ಲ.

ತಿಪ್ಪವ್ವ ಅವನನ್ನು ಕಂಡು ಕೈ ಮುಗಿದಳು. ಯಾಕೆ ಮುಗಿದಳೋ ಅವಳಿಗೇ ಗೊತ್ತಿರಲಿಲ್ಲ.

ಸಂಗು ಫ್ಲೆಕ್ಸಿನ ಮುಂದೆ ಬಹಳ ಹೊತ್ತು ನಿಂತ. ಗೌರಾಬಾಯಿ ಅವನ ಮುಖವನ್ನೇ ನೋಡುತ್ತಿದ್ದಳು.

"ಹಾರ ದಪ್ಪ ಹಾಕೀಯಲೇ ತೌಸೀಫ," ಎಂದ ಸಂಗು.

ಯಾರೂ ನಗಲಿಲ್ಲ.

"ನಿನಗ ಯಾರ ಹೇಳಿದ್ರೋ ಯಪ್ಪಾ?" ಎಂದಳು ಗೌರಾಬಾಯಿ.

"ಆರ ಮಂದಿ ಫೋನ್ ಮಾಡಿದ್ರು ಬೇ. ಒಬ್ಬಾಂವ ಅಂತೂ ಅತ್ತಕೋತ, ನೀ ಸಂಗೂನ ತಮ್ಮ ಏನಪಾ ಅಂದ. ನಾನ ಸಂಗು ಅಂದ್ನಿ. ಇಂಥಾ ಹೊತ್ತಿನ್ಯಾಗ ಚಾಷ್ಟಿ ಮಾಡ್ತೀಯೇನಲೇ ಅಂತ ಬೈದು ಇಟ್ಟ."

ತಿಪ್ಪವ್ವನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡಳು. ಸಂಗು ಅವಳ ಕಡೆ ತಿರುಗಿದ.

"ನೀನೂ ಅತ್ತೇನ ತಿಪ್ಪವ್ವತ್ತಿ?"

"ಅಳದ ಏನ್ ಮಾಡ್ಲೋ. ಸಂತಿ ಮುಗಿಸಿ ನಿಮ್ಮ ಮನಿಗಿ ರೊಟ್ಟಿ ಒಯ್ಯಾಕ ನಿಂತಿದ್ದೆ. ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲಲ್ಲ."

"ನಾ ಎಂಟ ತಿಂಗಳ ಮಲಗಿದ್ದೆ," ಎಂದ ಸಂಗು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಅವಾಗೂ ನಮ್ಮವ್ವಗ ಎಷ್ಟೋ ದಿನ ಒಲಿ ಹಚ್ಚೂ ಮನಸ ಇರಲಿಲ್ಲ. ಅವಾಗ ಯಾರೂ ರೊಟ್ಟಿ ತರಲಿಲ್ಲ."

ತಿಪ್ಪವ್ವ ಕುಡಗೋಲಿನಿಂದ ಬಳ್ಳೊಳ್ಳಿಯ ದಂಟು ಕೊಯ್ಯುತ್ತ ಕುಳಿತಳು. ಬಳಿಕ ಮೆಲ್ಲಗೆ, "ಜ್ವರಾ ಬಂದ್ರ ಏನ್ ಕೇಳಬೇಕು ಗೊತ್ತೈತಿ ಯಪ್ಪಾ. ಇದಕ್ಕ ಏನಂತ ಕೇಳಬೇಕು ಗೊತ್ತಾಗಲಿಲ್ಲ," ಎಂದಳು.

ಮೇಘಾ ಸ್ಟೂಲು ಹತ್ತಿ ಹಗ್ಗಕ್ಕೆ ಕೈ ಹಾಕಿದಳು. "ಬಿಚ್ಚಬ್ಯಾಡ," ಎಂದ ಸಂಗು. "ಸತ್ತಾಂವ ಬಾರಸ್ತಾನ ಅಂದ್ರ ನಾಕ ಮಂದಿ ಹೆಚ್ಚಿಗಿ ಬರ್ತಾರ."

"ನಾನೂ ಬರ್ತೀನಿ," ಎಂದಳು ತಿಪ್ಪವ್ವ. "ರೊಟ್ಟಿ ಕಟಗೊಂಡ ಬರ್ತೀನಿ."

"ಕಿವ್ಯಾಗ ಹತ್ತಿ ಇಟಗೊಂಡ ಬಾ," ಎಂದಳು ಗೌರಾಬಾಯಿ.

ಗಾಳಿ ಬೀಸಿ ಫ್ಲೆಕ್ಸು ಹೊಟ್ಟೆಯುಬ್ಬಿಸಿಕೊಂಡು ಕಂಬವನ್ನು ಎಳೆಯಿತು. ತೌಸೀಫ ಹಣೆ ಬಡಿದುಕೊಂಡ. "ಗಾಳಿ ಹೋಗಾಕ ತೂತ ಕೊಯ್ಯೂದ ಮರತೀನ್ರಿ. ಹಿಂಗ ಬಿಟ್ರ ರವಿವಾರದೊಳಗ ಹರದ ಹೋಗತೈತಿ."

"ಕುಡಗೋಲ ತಾ ಇಲ್ಲಿ ತಿಪ್ಪವ್ವ," ಎಂದಳು ಗೌರಾಬಾಯಿ. "ಇಳಿ ಮೇಘಾ."

"ಬೇ, ನೀ ಹತ್ತಬ್ಯಾಡ. ಫೋಟೊದಾಗ ನನ್ನ ಮಾರಿಗಿ, ಕಣ್ಣಿಗಿ ಕುಡಗೋಲ ಹತ್ತೀತು," ಎಂದ ಸಂಗು.

"ಮಾರಿ ಎಲ್ಲೈತಿ ಅಂತ ನನಗ ಗೊತ್ತಿಲ್ಲೇನ? ಸ್ಟೂಲ ಹಿಡಿ."

ಸಂಗು ಸ್ಟೂಲು ಹಿಡಿದ. ಗೌರಾಬಾಯಿ ಸೆರಗು ಸಿಕ್ಕಿಸಿಕೊಂಡು ಹತ್ತಿ ನಿಂತಳು. ಎಡದಲ್ಲಿ ಎರಡು, ಬಲದಲ್ಲಿ ಎರಡು, ಹಾರವಿದ್ದ ಕಡೆಯೇ ನೋಡಿ ಕೊಯ್ದಳು. ಚೆಂಡುಹೂವಿನ ತುಂಡುಗಳು ಜೋತುಬಿದ್ದವು, ತೂತಿನೊಳಗಿಂದ ಗಾಳಿ ಹಾದುಹೋಯಿತು, ಉಬ್ಬಿದ ಫ್ಲೆಕ್ಸು ಇಳಿದು ಸಪಾಟಾಗಿ ನಿಂತಿತು.