ಜಂಟಿ ನೋವು

ದೇವನೂರಿನಲ್ಲಿ ನೋವಿನ ಚಿಕಿತ್ಸೆ ನೋಡಿಕೊಳ್ಳುವ ನರ್ಸ್ ನಾನು. ಗಂಗಾಧರಯ್ಯನವರ ಎರಡೂ ಮಂಡಿ ಒತ್ತಿ ನೋಡಿ, ‘ಜಾಯಿಂಟ್ ಪೇನ್’ ಎಂದು ಚೀಟಿಯಲ್ಲಿ ಬರೆದು ಮಾತ್ರೆ ಕೊಟ್ಟೆ. ಅದೇ ನಾನು ಮಾಡಿದ ತಪ್ಪು.

ಮರುದಿನ ಅವರು ತಮ್ಮನಾದ ರುದ್ರಮೂರ್ತಿಯನ್ನು ಎಳೆದುಕೊಂಡು ಬಂದರು. “ಜಾಯಿಂಟ್ ಅಂದ್ರೆ ಜಮೀನಿಂದಿದ್ದಂಗೆ ಜಂಟಿ ಖಾತೆ ತಾನೆ? ನೋವೆಲ್ಲ ನನ್ನೊಬ್ನ ಅನುಭವದಲ್ಲೇ ಯಾಕಿರ್ಬೇಕು? ಪಾಲು ಮಾಡ್ಕೊಡಿ!”

ಅದು ಕೀಲು ನೋವು ಎಂದು ಗಂಟಲು ಹರಿಯುವಂತೆ ಹೇಳಿದೆ. ಅವರು ಒಪ್ಪದೆ, ಅಳೆದು ಪಾಲು ಮಾಡಲು ಸರ್ವೆಯವರನ್ನು ಕರೆಸುತ್ತೇನೆಂದರು. ತಲೆ ಕೆಟ್ಟು, ಬಲಮಂಡಿ ಅಣ್ಣನಿಗೆ, ಎಡಮಂಡಿ ತಮ್ಮನಿಗೆ ಎಂದು ಬರೆದು ಸೀಲು ಒತ್ತಿದೆ.

ವಾರ ಕಳೆದು ರುದ್ರಮೂರ್ತಿ ಎಡಗಾಲು ಕುಂಟುತ್ತಾ ಬಂದ.

“ಏನಪ್ಪಾ, ನಿನಗೂ ನೋವಾ?”

“ನನ್ನ ಪಾಲಿನ ನೋವು ನನಗೆ ಬಂತು, ಅದು ನ್ಯಾಯ ಬಿಡಿ. ಮಾತ್ರೆ ಮಾತ್ರ ಇನ್ನೂ ಅವ್ನೊಬ್ನೇ ನುಂಗ್ತಾವ್ನೆ ಕಣ್ರೀ!”