ಒರೆಸಿದ ಮೇಲೆ

"ಮತ್ತೆ ಹೋಯ್ತು ನೋಡು," ಎಂದಳು ಅಕ್ಕ. ಹೊಸ ಸಾಲಿಗೆ ಇಳಿಯಲೆಂದು ಕ್ಯಾಪ್ಸ್ ಲಾಕ್ ಒತ್ತಿದ್ದಳು. ಸಾಲು ಇಳಿಯಲಿಲ್ಲ, ಪರದೆಯ ಮೇಲೆ ಆಮೇಲೆ ಹೊಡೆದ ಅಲ್ಪಪ್ರಾಣಗಳೆಲ್ಲ ಮಹಾಪ್ರಾಣಗಳಾಗಿ ಎದೆಯುಬ್ಬಿಸಿ ನಿಂತಿದ್ದವು.

ಬಾಗಿಲ ಸಂದಿಗೆ ಸಿಕ್ಕ ಅವಳ ಬಲಗೈ ಕಿರುಬೆರಳು ಈಗ ಬಗ್ಗುವುದಿಲ್ಲ. ಎಂಟರ್ ಒತ್ತುತ್ತಿದ್ದದ್ದು ಅದೇ ಬೆರಳು. ಕೋರ್ಟಿನ ವಿಚಾರಣೆಗಳ ಧ್ವನಿಮುದ್ರಣ ಕೇಳುತ್ತ ಟೈಪು ಮಾಡುವವಳಿಗೆ ಸಾಲುಸಾಲಿಗೂ ತಡವರಿಸಿದರೆ ಆದೀತೇ? ಕಂಪ್ಯೂಟರ್ ರಿಪೇರಿ ಮಾಡುವ ತಮ್ಮ ಎಡಗಡೆಯ ಕ್ಯಾಪ್ಸ್ ಲಾಕನ್ನೇ ಎಂಟರ್ ಮಾಡಿಕೊಟ್ಟಿದ್ದ. ಯಂತ್ರದ ಲಿನಕ್ಸ್ ಶುರುವಾದಾಗಲೆಲ್ಲ ತಾನಾಗಿ ಓಡಿ ಈ ಬದಲಾವಣೆ ಮಾಡಲೆಂದು ಪುಟ್ಟ ಸ್ಕ್ರಿಪ್ಟ್ ಒಂದನ್ನೂ ಬರೆದಿಟ್ಟಿದ್ದ. ಅವನು ಯಂತ್ರ ಹಾಕಿದರೆ ಎಲ್ಲ ಸರಿ. ಅಕ್ಕ ಹಾಕಿದರೆ ಕೈಕೊಡುತ್ತಿತ್ತು. ಕಚೇರಿಯ ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಮಧ್ಯಾಹ್ನದೊಳಗೆ ಈ ವಿಚಾರಣೆಯ ಟೈಪು ಮುಗಿಯದಿದ್ದರೆ ನಿಮ್ಮ ಕುರ್ಚಿಗೆ ಬೇರೆಯವರು.

"ಸ್ಕ್ರಿಪ್ಟ್ ಫೈಲು ಜಾಗದಲ್ಲೇ ಇದೆ, ಓಡೋಕೆ ಅನುಮತಿನೂ ಇದೆ," ತಮ್ಮ ತಲೆ ಕೆರೆದುಕೊಂಡ. "ಓಡಿದೆ ಅಂತಾನೂ ಬರ್ದಿದೆ ಕಣೇ!"

"ಓಡಿದ್ದು ಸರಿ. ಯಾವ ಊರಿಗೆ ಅಂತ ಕೇಳು."

"ತಮಾಷೆ ಬೇಡ, ಗಂಟೆ ನೋಡು."

"ನಾನ್ಯಾಕೆ ನೋಡ್ಲಿ? ಅಕ್ಷರ ನನ್ನದು, ಎಷ್ಟು ಹೊತ್ತು ಬೇಕು ಅಂತ ನಂಗೊತ್ತು. ಯಂತ್ರ ಆರಿಸು. ನಾನೇ ಹಾಕ್ತೀನಿ. ನೀನು ಕೈಕಟ್ಟಿ ಕೂತ್ಕೊಂಡು ನೋಡು."

ಅವಳು ಗುಂಡಿ ಒತ್ತಿದಳು. ಪಾಸ್‌ವರ್ಡ್ ಕೇಳದ ಯಂತ್ರ ತನ್ನಷ್ಟಕ್ಕೆ ಏಳತೊಡಗಿತು. ದಿನದಂತೆ ಅಕ್ಕ ಕೀಬೋರ್ಡಿನ ತಂತಿ ಕಿತ್ತು, ಅದನ್ನು ಮಡಿಲಿಗೆಳೆದುಕೊಂಡು, ಬೋರಲು ಹಾಕಿ ತಟ್ಟಿ, ಒದ್ದೆ ಬಟ್ಟೆಯಿಂದ ಒಂದೊಂದೇ ಸಾಲು ಒರೆಸಿದಳು. ಅಪ್ಪ ಪದ್ಯ ಓದುವ ಮೊದಲು ಪುಸ್ತಕದ ಧೂಳು ಹೀಗೇ ಒರೆಸುತ್ತಿದ್ದರು. ಒರೆಸುವಾಗ ಅವರ ತುಟಿ ಅಲ್ಲಾಡುತ್ತಿತ್ತು. ಈಗ ಇವಳ ತುಟಿಯೂ. ಒರೆಸಿಯಾದ ಮೇಲೆ ತಂತಿ ಸಿಕ್ಕಿಸಿದಳು.

ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಏನೋ ಅದು?"

"ಅಕ್ಕಾ, ಸ್ಕ್ರಿಪ್ಟ್ ಬಂದು ಬಾಗಿಲು ತಟ್ಟೋ ಹೊತ್ತಿಗೆ ಕೀಬೋರ್ಡು ನಿನ್ನ ಮಡಿಲಲ್ಲಿ ಸ್ನಾನ ಮಾಡ್ತಿರುತ್ತೆ! ಆಮೇಲೆ ಚುಚ್ಚಿದ್ರೆ ಯಂತ್ರ ಅದನ್ನ ಹೊಸ ಕೀಬೋರ್ಡ್ ಅಂದ್ಕೊಳ್ಳುತ್ತೆ. ನಾಳೆಯಿಂದ ಕೀಳಬೇಡ, ಮುಗೀತು."

"ಕೀಳದೆ ಒರೆಸಿದ್ರೆ ಕಂಡಕಂಡ ಅಕ್ಷರ ಬೀಳುತ್ತೆ. ಒರೆಸದೆ ನಾನು ಕೈಯಿಡಲ್ಲ. ನಿನ್ನ ಸ್ಕ್ರಿಪ್ಟಿಗೆ ಸ್ವಲ್ಪ ತಾಳ್ಮೆ ಕಲಿಸು."

"ನಿನಗೆ ಕಲಿಸೋಕಿಂತ ಅದೇ ಸುಲಭ ಬಿಡು," ಎಂದು ಗೊಣಗುತ್ತ ಅವನು ಬರೆದದ್ದನ್ನು ತಿದ್ದಿದ. ಇನ್ನು ಮೇಲೆ ಕೀಬೋರ್ಡ್ ಯಾವಾಗ ಸಿಕ್ಕಿಸಿದರೂ ಆಗಲೇ ಸ್ಕ್ರಿಪ್ಟ್ ಓಡಬೇಕು.

ಅಕ್ಕ ಯಂತ್ರ ಆರಿಸಿ ಹಾಕಿದಳು, ತಂತಿ ಕಿತ್ತಳು, ಈಗಷ್ಟೇ ಒರೆಸಿದ್ದನ್ನು ಮತ್ತೊಮ್ಮೆ ಒರೆಸಿ ಸಿಕ್ಕಿಸಿದಳು. ಕ್ಯಾಪ್ಸ್ ಲಾಕ್ ಒತ್ತಿದಳು. ಸಾಲು ಇಳಿಯಿತು.

ಮಧ್ಯಾಹ್ನವಾಗುವ ಮುಂಚೆಯೇ ಮೇಲ್ವಿಚಾರಕಿಯ ಕೈಗೆ ಹಾಳೆಗಳು ಬಂದಿದ್ದವು. "ಮುಂದಿನ ವಿಚಾರಣೆ ಕೊಡಿ ಮೇಡಂ," ಎಂದು ಅಕ್ಕ ಆಗಲೇ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಒಂಬತ್ತು ಬೆರಳುಗಳು ಓಡುತ್ತಿದ್ದವು. ಸೆಟೆದ ಕಿರುಬೆರಳು ಮಾತ್ರ ಯಾವ ಕೀಲಿಯನ್ನೂ ಮುಟ್ಟದೆ ಗಾಳಿಯಲ್ಲಿತ್ತು. ಪ್ರತಿ ಸಾಲಿನ ಕೊನೆಗೆ ಸಣ್ಣಗೆ ಅದುರುತ್ತಿತ್ತು.