ಬುಧವಾರದ ಮ್ಯಾಕರೋನಿ

"ಅಕ್ಕಾ, ಒಂದು ನಿಮಿಷ ಇದನ್ನ ತಿರುಗಿಸ್ತಾ ಇರ್ತೀರಾ? ಮ್ಯಾಕರೋನಿ ಬಸಿದು ಬಂದ್ಬಿಡ್ತೀನಿ," ಎಂದು ಚಿಕ್ಕಕ್ಕ ಸೌಟನ್ನು ದೊಡ್ಡಕ್ಕನ ಕೈಗಿಟ್ಟು, ಹಬೆಯಾಡುವ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಸಿಂಕಿನ ಕಡೆ ಹೋದಳು.

ಆಸ್ಪತ್ರೆಯ ಆ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷ ದೊಡ್ಡಕ್ಕ ಒಬ್ಬಳೇ ಎಲ್ಲರಿಗೂ 'ಅಕ್ಕ' ಆಗಿದ್ದಳು. ಈ ಹುಡುಗಿ ಕೆಲಸಕ್ಕೆ ಸೇರಿ, ನರ್ಸುಗಳು ಅವಳನ್ನು ಚಿಕ್ಕಕ್ಕ ಎನ್ನತೊಡಗಿದ ದಿನವೇ ಇವಳು ದೊಡ್ಡಕ್ಕನಾದಳು. ಕೇಳದೆ ಸಿಕ್ಕ ಬಡ್ತಿ. ಅದು ಬಡ್ತಿಯಲ್ಲ ಎಂದು ಅವಳ ಹೊಟ್ಟೆಗೆ ಮಾತ್ರ ಗೊತ್ತಿತ್ತು.

ಚಿಕ್ಕಕ್ಕ ಬುಧವಾರಗಳಂದು ಮ್ಯಾಕರೋನಿ ಚೀಸ್ ಮಾಡಲು ಶುರುಮಾಡಿದ್ದೇ ತಡ, ಎಕ್ಸರೇಯವರು, ಆಂಬುಲೆನ್ಸ್ ಡ್ರೈವರುಗಳು ಹನ್ನೆರಡಕ್ಕೇ ಸಾಲುಗಟ್ಟುತ್ತಿದ್ದರು. ದೊಡ್ಡಕ್ಕನ ಸೂಪು ಪಾತ್ರೆಯಲ್ಲೇ ಕೆನೆಗಟ್ಟುತ್ತಿತ್ತು. ಕೆಟ್ಟಿದೆಯೇ ಎಂದು ನಾಲ್ಕು ಸಲ ರುಚಿ ನೋಡಿದ್ದಳು. ಎಂದಿನಂತೆಯೇ ಇತ್ತು. ಎಂದಿನಂತಿರುವುದೇ ತೊಂದರೆಯೇನೋ ಎನಿಸಿ ಇನ್ನಷ್ಟು ಉರಿದುಕೊಂಡಿದ್ದಳು.

ಈ ದಿನ ಮ್ಯಾನೇಜರ್ ಊಟಕ್ಕೆ ಬರುವವರಿದ್ದರು. ಅವರಿಗೆ ಹಿಡಿಸಿದರೆ ಬುಧವಾರದ ಅಡುಗೆಮನೆ ಚಿಕ್ಕಕ್ಕನದು. ದೊಡ್ಡಕ್ಕ ಅವಳಿಗೆ ಈರುಳ್ಳಿ ಹೆಚ್ಚಿಕೊಡಬೇಕು.

ಬೆಣ್ಣೆಯಲ್ಲಿ ಮೈದಾ ಹುರಿದು, ಸ್ವಲ್ಪಸ್ವಲ್ಪವೇ ಹಾಲೆರೆದು ಮಾಡಿದ ಸಾಸಿನಲ್ಲಿ ಒಂದು ಗಂಟೂ ಇರಲಿಲ್ಲ. ತುರಿದ ಚೀಸ್ ಆಗತಾನೆ ಕರಗುತ್ತಿತ್ತು. ದೊಡ್ಡಕ್ಕ ಸೌಟೆತ್ತಿದಳು. ಸಾಸ್ ಅದರ ಬೆನ್ನಿಗೆ ಅಂಟಿಕೊಂಡು, ಅವಸರವಿಲ್ಲದೆ ಕೆಳಗಿಳಿಯಿತು. ಅವಳ ಎಡಗೈ ಒಲೆಯ ತಿರುಪಿಗೆ ಹೋಯಿತು. ಉರಿ ಭಗ್ಗನೆ ಎದ್ದಿತು. ಚೀಸ್ ಬಿದ್ದ ಮೇಲೆ ಕುದಿಸಬಾರದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಸಾಸ್ ಕೊತಕೊತ ಕುದಿಯುವುದನ್ನು ನೋಡುತ್ತ ನಿಂತಳು. ಹೆಜ್ಜೆ ಸಪ್ಪಳ ಕೇಳಿದಾಗ ತಿರುಪನ್ನು ಇಳಿಸಿದಳು.

ಚಿಕ್ಕಕ್ಕ ಬಗ್ಗಿ ನೋಡಿದಳು. ಸಾಸ್ ಹರಳುಹರಳಾಗಿ, ಮೇಲೆ ಎಣ್ಣೆ ತೇಲುತ್ತಿತ್ತು.

"ಅಯ್ಯೋ, ಒಡೆದೇ ಹೋಯ್ತಲ್ಲ! ಉರಿ ಸಣ್ಣ ಮಾಡಿದ್ದೆ... ಇಲ್ಲ, ಮರೆತೆ ಅನ್ಸುತ್ತೆ. ನನ್ನ ತಲೆಗಿಷ್ಟು!"

ಅವಳು ದೊಡ್ಡಕ್ಕನನ್ನು ಅನುಮಾನದಿಂದ ನೋಡಲೂ ಇಲ್ಲ. ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ಜಗಳಕ್ಕೆಂದು ಸಿದ್ಧಮಾಡಿಟ್ಟುಕೊಂಡ ಮಾತೆಲ್ಲ ದೊಡ್ಡಕ್ಕನ ಬಾಯಲ್ಲೇ ಉಳಿಯಿತು.

"ಅಳೋಕೆ ಈಗ ಪುರುಸೊತ್ತಿಲ್ಲ. ಬೆಣ್ಣೆ ಕೊಡು, ಹಾಲು ಕೊಡು," ಎಂದಳು. ಬೇರೆ ಬಾಣಲೆಯಲ್ಲಿ ಹೊಸದಾಗಿ ಸ್ವಲ್ಪ ಬಿಳಿ ಸಾಸ್ ಮಾಡಿ, ಒಡೆದದ್ದನ್ನು ಅದಕ್ಕೆ ಒಂದೊಂದೇ ಸೌಟು ಬೆರೆಸುತ್ತ, ರಟ್ಟೆ ಬೀಳುವವರೆಗೆ ಕಡೆದಳು. ಹರಳುಗಳು ಒಂದೊಂದಾಗಿ ಕರಗಿದವು.

ಮ್ಯಾನೇಜರ್ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದರು. "ಯಾರ ಕೈರುಚಿ ಇದು?"

"ದೊಡ್ಡಕ್ಕನದು ಸಾರ್," ಎಂದಳು ಚಿಕ್ಕಕ್ಕ. "ನಾನು ಕೆಡಿಸಿಟ್ಟಿದ್ದೆ, ಅವರು ಉಳಿಸಿದ್ರು. ಬುಧವಾರ ನನಗೆ ಈಗಲೇ ಬೇಡ ಸಾರ್. ಇನ್ನೂ ಕಲೀಬೇಕು."

"ಹಾಗಾದ್ರೆ ಅಕ್ಕನೇ ನೋಡ್ಕೊಳ್ಳಲಿ ಬಿಡು," ಎಂದು ಅವರು ಎದ್ದರು. ಬೇಕೆಂದು ಹಂಬಲಿಸಿದ್ದೆಲ್ಲ ಅಷ್ಟು ಸುಲಭವಾಗಿ ದೊಡ್ಡಕ್ಕನ ಕೈಗೆ ಬಂದುಬಿಟ್ಟಿತು.

ಜನ ಕರಗಿದ ಮೇಲೆ ಇಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತರು. ಚಿಕ್ಕಕ್ಕ ಕಾಲು ಚಾಚಿಕೊಂಡಳು. ದೊಡ್ಡಕ್ಕ ಒಂದು ಚಮಚ ಬಾಯಿಗಿಟ್ಟಳು. ಚೆನ್ನಾಗಿತ್ತು. ತಾನು ಎಷ್ಟು ಕಡೆದಿದ್ದರೂ ಒಳಗಿನ ರುಚಿ ಆ ಹುಡುಗಿಯದೇ ಎಂದು ನಾಲಿಗೆಗೆ ಗೊತ್ತಾಯಿತು.

"ಉರಿ ನಾನೇ ಜಾಸ್ತಿ ಮಾಡಿದ್ದು," ಎಂದಳು, ತಟ್ಟೆಯಿಂದ ಕಣ್ಣೆತ್ತದೆ. "ನೀನು ಮರೆತಿರ್ಲಿಲ್ಲ."

ಚಿಕ್ಕಕ್ಕನ ಚಮಚ ನಿಂತಿತು. ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮ್ಯಾನೇಜರಿಗೆ ಹೇಳಿ ಬರ್ತೀನಿ," ಎಂದು ದೊಡ್ಡಕ್ಕ ಮಂಡಿ ಹಿಡಿದುಕೊಂಡು ಎದ್ದಳು.

ಚಿಕ್ಕಕ್ಕ ತಡೆಯಲಿಲ್ಲ, ತಲೆಯೆತ್ತಲೂ ಇಲ್ಲ. ಚಾಚಿದ್ದ ಕಾಲುಗಳನ್ನು ಮಡಚಿಕೊಂಡು ಅವಳಿಗೆ ದಾರಿ ಬಿಟ್ಟಳು.